ಮೊದಲನೆಯ ‘ಒಲ್ಲೆ’

ನನಗೊಂದು ರೋಗವಿದೆ. ಯಾರು ಏನು ಕೊಡಲು ಬಂದರೂ, ಎಲ್ಲಿಗೆ ಕರೆದರೂ, ಮನಸ್ಸು ‘ಹೂಂ’ ಎನ್ನುವಷ್ಟರಲ್ಲಿ ಬಾಯಿ ‘ಒಲ್ಲೆ’ ಎಂದುಬಿಟ್ಟಿರುತ್ತದೆ. ನಾನು ಬಾಗಲಕೋಟೆ ಕಡೆಯವನು. ನಮ್ಮಲ್ಲಿ ಮೊದಲನೆಯ ‘ಒಲ್ಲೆ’ ಎಂದರೆ ಮರ್ಯಾದೆ, ಎರಡನೆಯದು ಸಂಕೋಚ. ಮೂರನೆಯ ಸಲ ಕೇಳಿದಾಗ ‘ನೀವು ಇಷ್ಟು ಅಂದಮ್ಯಾಲ ಹೆಂಗ ಬ್ಯಾಡ ಅನ್ಲಿ’ ಎಂದು ತಾಟಿನ ಮುಂದೆ ಕೂಡುವುದು ಪದ್ಧತಿ. ಕರೆದ ಕೂಡಲೇ ಎದ್ದು ಬರುವವನು ಹೊಟ್ಟೆಬಾಕ, ಒಂದೇ ಸಲ ಕೇಳಿ ಬಿಡುವವನು ಜಿಪುಣ. ನನ್ನ ಸೋದರಮಾವ ಒಮ್ಮೆ ಬೀಗರ ಮನೆಯಲ್ಲಿ ಹೋಳಿಗೆಗೆ ಎರಡು ಸಲ ಒಲ್ಲೆ ಎಂದರು. ಬಡಿಸುತ್ತಿದ್ದ ಬೀಗರು ಮೂರನೆಯ ಸಲ ಕೇಳುವ ಮೊದಲು ಬಾಗಿಲಲ್ಲಿ ಯಾರೋ ಕೂಗಿದರೆಂದು ಎದ್ದು ಹೋದರು, ಹೋದವರು ತಿರುಗಿ ಬರಲಿಲ್ಲ. ಬರೀ ಅನ್ನ ಸಾರು ಉಂಡು ಬಂದ ಮಾವ, ತಾವು ತಿನ್ನದ ಆ ಹೋಳಿಗೆಯ ರುಚಿಯನ್ನು ಕೊನೆಯವರೆಗೂ ವರ್ಣಿಸುತ್ತಿದ್ದರು.

ಹೊಟ್ಟೆಪಾಡಿಗೆ ನಾಗಪುರಕ್ಕೆ ಬಂದು, ಕೋರಾಡಿಯ ವಿದ್ಯುತ್ ಕೇಂದ್ರದಲ್ಲಿ ಬಾಯ್ಲರುಗಳ ಮಗ್ಗುಲಲ್ಲೇ ಆಯುಷ್ಯ ಬೇಯಿಸಿಕೊಂಡೆ. ಅಲ್ಲಿಯ ಮರಾಠಿ ಗೆಳೆಯರು ಒತ್ತಾಯ ಮಾಡುವುದರಲ್ಲಿ ನಮಗಿಂತ ಒಂದು ಕೈ ಮೇಲು. ಹೀಗಾಗಿ ನನ್ನ ರೋಗಕ್ಕೆ ತೊಂದರೆಯಾಗಲಿಲ್ಲ. ಪಂಜಾಬಿನ ಇಂಜಿನಿಯರ್ ಒಬ್ಬ ಮಾತ್ರ ‘ಚಾಯ್?’ ಎಂದು ಕೇಳಿ, ನಾನು ‘ನಹೀ ನಹೀ’ ಎಂದ ಕೂಡಲೇ ನನ್ನ ಪಾಲಿನ ಕಪ್ಪನ್ನೂ ತಾನೇ ಕುಡಿದುಬಿಡುತ್ತಿದ್ದ. ಅಂಥ ಮನುಷ್ಯ ಲೋಕದಲ್ಲಿ ಒಬ್ಬನೇ ಇರಬೇಕೆಂದು ತಿಳಿದಿದ್ದೆ. ಆಮೇಲೆ ನನ್ನ ಮಗಳು ಶ್ರುತಿ ದೊಡ್ಡವಳಾದಳು. ನಾಗಪುರದಲ್ಲೇ ಹುಟ್ಟಿ ಬೆಳೆದ ಅವಳಿಗೆ ಕನ್ನಡ ಮಾತಾಡಲು ಬರುತ್ತದೆ. ಆದರೆ ಅವಳ ಕನ್ನಡದಲ್ಲಿ ‘ಬ್ಯಾಡ’ ಎಂದರೆ ಬೇಡ ಎಂದೇ ಅರ್ಥ.

ಈ ಮಾರ್ಚಿನಲ್ಲಿ ಮೊಮ್ಮಗಳು ಮಿಹಿಕಾಳ ಪರೀಕ್ಷೆ ಮುಗಿಯುವುದಕ್ಕೂ ನಾಗಪುರ ಕಾಯತೊಡಗುವುದಕ್ಕೂ ಸರಿಹೋಯಿತು. ಎಲ್ಲರೂ ಕೂಲರಿಗೆ ಹೊಸ ಹುಲ್ಲು ಕಟ್ಟಿಸುತ್ತಿದ್ದರೆ, ಶ್ರುತಿ ಮತ್ತು ಅಳಿಯ ನಿಖಿಲ್ ಗುಲ್ಮಾರ್ಗಕ್ಕೆ ಹೋಗಿ ಹಿಮದಲ್ಲಿ ಸ್ಕೀ ಆಡುವುದೆಂದು ನಿಶ್ಚಯಿಸಿದರು. ‘ಪಪ್ಪಾ, ನಿಮ್ಮ ಟಿಕೆಟ್ ತಗದೇನಿ. ಅವ್ವಂದು ಕೇಳಿ ಜಲ್ದಿ ಹೇಳ್ರಿ’ ಎಂದಳು ಫೋನಿನಲ್ಲಿ. ನನ್ನನ್ನು ಕೇಳಲೇ ಇಲ್ಲವಾದ್ದರಿಂದ ಒಲ್ಲೆ ಎನ್ನುವ ಅವಕಾಶ ತಪ್ಪಿ ನಾನು ಬಚಾವಾದೆ. ಹೆಂಡತಿ ಶಾಂತಾ ಅಡುಗೆಮನೆಯಲ್ಲಿದ್ದಳು. ಕೇಳಿದೆ. ‘ಆ ಥಂಡ್ಯಾಗ ನಾ ಏನ್ ಮಾಡ್ಲಿ? ನನ್ನ ಮಣಕಾಲು ಮೊದಲs ಹಿಂಗ. ನೀವು ಹೋಗಿ ಬರ್ರಿ’ ಎಂದಳು. ಒಂದು ಗಳಿಗೆ ಬಿಟ್ಟು, ‘ಅಲ್ಲಿ ಕೂಡಾಕ ಕುರ್ಚಿ ಇರ್ತಾವೇನ್ರಿ?’ ಎಂದೂ ಕೇಳಿದಳು. ‘ಬರ್ಫಿನ ಗುಡ್ಡದಾಗ ಎಲ್ಲಿ ಕುರ್ಚಿ?’ ಎಂದು ನಕ್ಕು, ಮಗಳಿಗೆ ‘ನಿಮ್ಮವ್ವ ಬರೂದಿಲ್ಲಂತ’ ಎಂದು ತಿಳಿಸಿದೆ. ಮರುದಿನ ಶಾಂತಾ ಟ್ರಂಕಿನಿಂದ ಸ್ವೆಟರ್ ತೆಗೆದು ಬಿಸಿಲಿಗೆ ಹಾಕಿದ್ದಳು. ಒಂದು ನನ್ನದು, ಪಕ್ಕದಲ್ಲೇ ಒಂದು ಅವಳದು. ಅವಳದೇಕೆ ಎಂದರೆ ‘ವಾಸನಿ ಹಿಡದಿತ್ತು’ ಎಂದಳು.

ಗುಲ್ಮಾರ್ಗ ನೋಡಿ ನನಗೆ ಅವ್ವನ ನೆನಪಾಯಿತು. ಬಚ್ಚಲಿಗೆ ಹೊರಟರೆ ಸಾಕು, ‘ಜಾರಿ ಬಿದ್ದೀ ಜ್ವಾಕಿ’ ಎಂದು ಕೂಗುತ್ತಿದ್ದವಳು ಅವಳು. ಇಲ್ಲಿ ನೋಡಿದರೆ ಊರಿಗೆ ಊರೇ ಬಣ್ಣಬಣ್ಣದ ಅಂಗಿ ತೊಟ್ಟು, ಕಾಲಿಗೆ ಪಟ್ಟಿ ಕಟ್ಟಿಕೊಂಡು, ಗುರುಗಳನ್ನಿಟ್ಟುಕೊಂಡು ಜಾರುವುದನ್ನು ಕಲಿಯುತ್ತಿದೆ! ಬೀಳುವುದಕ್ಕೂ ಒಂದು ಕ್ರಮವಿದೆಯಂತೆ, ಅದನ್ನು ಮೊದಲು ಹೇಳಿಕೊಡುತ್ತಾರೆ. ಶ್ರುತಿ, ನಿಖಿಲ್, ಮಿಹಿಕಾ ಮೂವರೂ ಸ್ಕೀ ಬೂಟು ತೊಟ್ಟು ಸಿದ್ಧರಾದರು. ‘ಪಪ್ಪಾ, ನೀವೂ ಬರ್ರಿ. ಸ್ಕೀ ಬ್ಯಾಡ, ಗೊಂಡೋಲಾದಾಗ ಕೂತು ಮ್ಯಾಲಿನ ತನಕ ಹೋಗೂಣು’ ಎಂದಳು ಮಗಳು. ತಂತಿಯ ಮೇಲೆ ತೂಗುತ್ತ ಹೋಗುವ ಆ ಡಬ್ಬಿಯಲ್ಲಿ ಮೊಮ್ಮಗಳ ಪಕ್ಕ ಕೂಡಬೇಕೆಂದು ನಾಗಪುರದಿಂದಲೇ ಆಸೆಪಟ್ಟು ಬಂದಿದ್ದೆ.

‘ಒಲ್ಲೆ ಬಿಡವ್ವಾ, ನೀವು ಹೋಗ್ರಿ’ ಎಂದಿತು ಬಾಯಿ.

‘ಠೀಕ್ ಐತಿ ಪಪ್ಪಾ. ಹಂಗಾರ ಬೂಟು, ಬ್ಯಾಗು ನೋಡ್ಕೋರಿ. ಬರೋಬರ್ ನಾಲ್ಕಕ್ಕ ಬರ್ತೀವಿ.’ ಮೊಮ್ಮಗಳು ‘ಬಾಯ್ ಅಜ್ಜಾ’ ಎಂದು ಕೈ ಬೀಸಿದಳು. ಎರಡನೆಯ ಒಲ್ಲೆ ನನ್ನ ನಾಲಿಗೆಯ ತುದಿಯಲ್ಲಿತ್ತು, ಮೂರನೆಯ ಸಲಕ್ಕೆ ಬೇಕಾದ ಮಾತೂ ತಯಾರಿತ್ತು. ಕೇಳುವವರು ಡಬ್ಬಿ ಹತ್ತಿ ಮೇಲೆ ಹೋಗಿಬಿಟ್ಟಿದ್ದರು.

ಚಹಾದಂಗಡಿಯ ಮುಂದೆ ಹಿಮದಲ್ಲಿ ಎರಡು ಕೆಂಪು ಪ್ಲಾಸ್ಟಿಕ್ ಕುರ್ಚಿಗಳಿದ್ದವು. ಒಂದರಲ್ಲಿ ನಾನು ಕೂತೆ, ಇನ್ನೊಂದರ ಮೇಲೆ ಬ್ಯಾಗುಗಳನ್ನಿಟ್ಟೆ, ಎದುರಿಗೆ ಅವರು ಬಿಚ್ಚಿಟ್ಟುಹೋದ ಮೂರು ಜೊತೆ ಬೂಟು. ಸುತ್ತಲೂ ನೂರಾರು ಜನ, ಎಲ್ಲರಿಗೂ ಅವರವರ ಮಂದಿ ಇದ್ದರು. ಒಬ್ಬಾಕೆ ಬಂದು ನಾನು ಈ ಬೂಟುಗಳನ್ನು ಬಾಡಿಗೆಗೆ ಕೊಡುತ್ತೇನೆಯೇ ಎಂದು ಹಿಂದಿಯಲ್ಲಿ ವಿಚಾರಿಸಿದಳು. ಅಂದು ಮಧ್ಯಾಹ್ನ ನನ್ನೊಡನೆ ಮೊದಲು ಮಾತಾಡಿದವಳು ಆಕೆಯೇ ಆದ್ದರಿಂದ, ಇಲ್ಲವೆನ್ನಲು ಬೇಸರವಾಯಿತು. ಗಂಟೆಗೊಮ್ಮೆ ಕುರ್ಚಿಯ ಒಂದು ಕಾಲು ಹಿಮದಲ್ಲಿ ಹೂತು ನಾನು ವಾಲುತ್ತಿದ್ದೆ. ಎದ್ದು ಕುರ್ಚಿ ಸರಿಪಡಿಸಿ ಮತ್ತೆ ಕೂಡುತ್ತಿದ್ದೆ. ನನ್ನ ಸ್ಕೀ ಅದೇ. ಇಷ್ಟು ದೂರ ಬಂದು, ಸ್ವಂತ ಮಗಳ ಜೊತೆ ಬಂದು, ಹೀಗೆ ಒಂಟಿಯಾಗಿ ಕೂತೆನಲ್ಲ ಎಂದು ಅಳು ಬರುವಷ್ಟು ಬೇಜಾರಾಯಿತು.

ಆಗ ಬಂದ ಒಬ್ಬ ಮುದುಕ, ಕಟ್ಟಿಗೆಯ ಜಾರುಗಾಡಿಯನ್ನು ಹಗ್ಗದಿಂದ ಎಳೆಯುತ್ತ. ‘ಆಯಿಯೇ ಸಾಬ್, ಏಕ್ ಚಕ್ಕರ್.’ ನಾನು ‘ನಹೀ’ ಎಂದೆ. ‘ಛೋಟಾ ಚಕ್ಕರ್, ಸಾಬ್.’ ‘ನಹೀ ನಹೀ.’ ಅವನು ಹೋಗಲಿಲ್ಲ. ‘ಅಕೇಲೇ ಕ್ಯೋಂ ಬೈಠೇ ಹೋ? ಆ ಜಾಓ’ ಎಂದ. ಒಬ್ಬರೇ ಯಾಕೆ ಕೂತಿದ್ದೀರಿ ಎಂದು ಅವನು ಕೇಳಿದ್ದು ಹೊಟ್ಟೆಪಾಡಿಗೆ, ನನಗೆ ಗೊತ್ತು. ಆದರೂ ಮೂರನೆಯ ಸಲ ಕೇಳಿದನಲ್ಲ! ಇವನ ಮುತ್ತಜ್ಜ ಬಾಗಲಕೋಟೆಯವನೇ ಇರಬೇಕೆಂದುಕೊಂಡು ಎದ್ದೆ. ಸಾಮಾನು ಬಿಟ್ಟು ಹೋಗುವಂತಿರಲಿಲ್ಲ. ಬ್ಯಾಗುಗಳನ್ನು ತೊಡೆಯ ಮೇಲಿಟ್ಟುಕೊಂಡು, ಮೂರು ಜೊತೆ ಬೂಟು ಅವಚಿಕೊಂಡು ಗಾಡಿಯಲ್ಲಿ ಕೂತೆ. ದಿಬ್ಬದಿಂದ ಅವನು ಬಿಟ್ಟ ನೋಡಿ, ಮಿಹಿಕಾಳ ಒಂದು ಬೂಟು ಹಾರಿಹೋಯಿತು, ನಾನು ಜೋರಾಗಿ ನಕ್ಕುಬಿಟ್ಟೆ. ಕೆಳಗೆ ಬಂದು ನಿಂತಾಗ ‘ನೋಡಿದೇನ?’ ಎಂದು ಎಡಕ್ಕೆ ತಿರುಗಿದೆ. ನನ್ನ ಎಡಕ್ಕೆ ಯಾವಾಗಲೂ ಶಾಂತಾ ಇರುತ್ತಾಳೆ.

ನನ್ನ ಪ್ರೀಪೇಡ್ ಸಿಮ್ ಕಾಶ್ಮೀರದಲ್ಲಿ ನಡೆಯುವುದಿಲ್ಲ. ಮುದುಕನ ಫೋನು ಕೇಳಿ ಪಡೆದು ಮನೆಗೆ ಹಚ್ಚಿದೆ. ‘ಕೌನ್?’ ಎಂದಳು ಶಾಂತಾ, ಗುರುತಿಲ್ಲದ ನಂಬರ್ ನೋಡಿ.

‘ನಾನs.’

‘ಅಯ್ಯ, ನೀವೇನ್ರಿ? ಆರಾಮ ಅದೀರಿಲ್ಲೋ? ಊಟಾ ಆತೇನು?’

ಅಷ್ಟೇ ಸಾಕಾಯಿತು. ಮಗಳ ಮೇಲಿನ ದೂರನ್ನೆಲ್ಲ ಹೊರಹಾಕಿದೆ. ‘ಒಮ್ಮೆ ಒಲ್ಲೆ ಅಂದೆ ನೋಡು, ಬಿಟ್ಟು ಹೋಗೇ ಬಿಟ್ರು. ಎರಡನೇ ಸಲ ಕರೀಬೇಕಂತ ತಿಳೀಬಾರದೇನು?’

ಆ ಕಡೆ ಕೂಲರಿನ ಸದ್ದು ಕೇಳುತ್ತಿತ್ತು. ‘ನೀವು ನನ್ನ ಕರದಿದ್ರೇನು, ಎರಡನೇ ಸಲ?’ ಎಂದಳು. ಸಿಟ್ಟಿನಿಂದಲ್ಲ, ಹಾಲು ಬಂತೇನು ಎಂದು ಕೇಳುವ ದನಿಯಲ್ಲಿ. ಮಗಳು ನಾಗಪುರದವಳು, ಅವಳಿಗೆ ತಿಳಿಯದು ಸರಿ. ಶಾಂತಾ ಬಾದಾಮಿಯವಳು, ನಾನು ಬಾಗಲಕೋಟೆಯವನು, ನನಗೇನಾಗಿತ್ತು? ಬಿಸಿಲಿಗೆ ಹಾಕಿದ ಎರಡು ಸ್ವೆಟರ್ ಕಣ್ಣ ಮುಂದೆ ಬಂದವು. ಕೊನೆಗೆ ಅವಳೇ, ‘ಹೋಗ್ಲಿ ಬಿಡ್ರಿ. ಬಿಸೀದು ಏನರ ತಿನ್ರಿ’ ಎಂದಳು. ಹಸಿವಿಲ್ಲ ಎಂದೆ. ‘ಸ್ವಲ್ಪರ ತಿನ್ರಿ’ ಎಂದಳು. ಬ್ಯಾಡ ಎಂದೆ. ‘ನನ್ನ ಮಾತು ಕೇಳ್ರಿ, ತಿನ್ರಿ’ ಎಂದಳು. ಮದುವೆಯಾದಾಗಿನಿಂದ ದಿನವೂ ಮೂರು ಸಲ ಕೇಳುತ್ತಲೇ ಬಂದಿದ್ದಾಳೆ. ನಾನು ಎಣಿಸಿದ್ದು ಅಂದೇ.

ಊರಿಗೆ ಬಂದ ಮರುದಿನ, ಅವಳು ನನ್ನ ಸ್ವೆಟರ್ ಮಡಚಿ ಟ್ರಂಕಿಗಿಡುತ್ತಿದ್ದಾಗ ಪಕ್ಕದಲ್ಲಿ ನಿಂತೆ. ‘ಮುಂದಿನ ಮಾರ್ಚಿಗೆ ಇಬ್ಬರೂ ಹೋಗೂಣು, ಬರ್ತೀಯೇನು?’ ಎಂದೆ.

‘ನಾ ಒಲ್ಲೆ. ನನ್ನ ಮಣಕಾಲು.’

‘ಬಾರಲs. ಗಾಡಿ ಎಳಿಯಾವ ಗುರುತಾಗ್ಯಾನ.’

‘ಒಲ್ಲೆ ಅಂದ್ನೆಲ್ಲ. ಈಗ್ಯಾಕ ಆ ಮಾತು?’

ನನ್ನ ಧೈರ್ಯ ಅರ್ಧಕ್ಕರ್ಧ ಇಳಿಯಿತು. ಇವಳು ನಿಜವಾಗಿಯೇ ಒಲ್ಲೆ ಎನ್ನುತ್ತಿದ್ದರೆ? ಮೂರನೆಯ ಸಲ ಕೇಳುವುದು ಇಷ್ಟು ಕಷ್ಟವೆಂದು ಗೊತ್ತಿರಲಿಲ್ಲ. ‘ನೀ ಬರಲಿಲ್ಲಂದ್ರ ನಾನೂ ಹೋಗೂದಿಲ್ಲ. ಬಾ’ ಎಂದೆ.

ಶಾಂತಾ ಹಾಕಲು ಹಿಡಿದಿದ್ದ ಟ್ರಂಕಿನ ಮುಚ್ಚಳವನ್ನು ಮತ್ತೆ ಮೇಲೆತ್ತಿದಳು. ಆಮೇಲೆ, ‘ಅಲ್ಲಿ ಕೂಡಾಕ ಕುರ್ಚಿ ಇರ್ತಾವೇನ್ರಿ?’ ಎಂದು ಕೇಳಿದಳು.

ಇರುತ್ತವೆ ಎಂದೆ. ಎರಡಿವೆ, ಕೆಂಪು ಬಣ್ಣದವು, ಗಂಟೆಗೊಮ್ಮೆ ಎದ್ದು ಸರಿಪಡಿಸಬೇಕು. ಗುಲ್ಮಾರ್ಗದಲ್ಲಿ ನಾನು ಚೆನ್ನಾಗಿ ನೋಡಿಕೊಂಡು ಬಂದದ್ದು ಅದೊಂದನ್ನೇ.