ಬನಹಟ್ಟಿಯಲ್ಲಿ ನಾನು ಬ್ಲೂಸ್ ಕೇಳಿಸಿದ್ದು

ಕೃಷ್ಣೆಗೂ ಘಟಪ್ರಭೆಗೂ ನಡುವಿನ ಸಮಸ್ತ ಭೂಭಾಗದಲ್ಲಿ ಬ್ಲೂಸ್ ಸಂಗೀತ ಕೇಳುವವನು ನಾನೊಬ್ಬನೇ ಎಂಬುದು ಹದಿನೈದು ವರ್ಷಗಳಿಂದ ನನ್ನ ಹೆಮ್ಮೆ. ನನ್ನ ದುಃಖವೂ ಅದೇ. ರಬಕವಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸಿ, ಸಂಜೆ ಬನಹಟ್ಟಿಯ ಮನೆಗೆ ಬಂದು, ಅಮೆರಿಕದ ಹತ್ತಿ ಹೊಲಗಳಲ್ಲಿ ಕಪ್ಪು ಜನ ಕಟ್ಟಿದ ಈ ನೋವಿನ ಹಾಡುಗಳನ್ನು ಹಚ್ಚಿಕೊಂಡು ಕೂತರೆ ನಾನು ಲೋಕವನ್ನೇ ಮರೆಯುತ್ತೇನೆ. ಲೋಕ ನನ್ನನ್ನು ಮರೆಯುವುದಿಲ್ಲ. "ಸರ್, ಮನ್ಯಾಗ ಯಾರಿಗರೆ ಆರಾಮ ಇಲ್ಲೇನ್ರಿ?" ಎಂದು ಪಕ್ಕದ ಮನೆಯವರು ಕಾಂಪೌಂಡ್ ಮೇಲಿಂದ ಇಣುಕಿ ಕೇಳುತ್ತಾರೆ.

ನನ್ನ ಹೆಂಡತಿ ಸುರೇಖಾ ಮುಧೋಳದವಳು. ನನ್ನ ನೆಚ್ಚಿನ ಗಾಯಕರ ಹೆಸರು ಅವಳ ನಾಲಿಗೆಗೆ ಹೊರಳುವುದಿಲ್ಲ. ಅದಕ್ಕೆ ತಾನೇ ಹೆಸರಿಟ್ಟಿದ್ದಾಳೆ. ಒಡೆದ ಬಾಟಲಿಯ ಕುತ್ತಿಗೆಯನ್ನು ಬೆರಳಿಗೆ ಸಿಕ್ಕಿಸಿಕೊಂಡು ಗಿಟಾರಿನ ತಂತಿಯ ಮೇಲೆ ಜಾರಿಸುವ ಮುದುಕ 'ಬಾಟ್ಲಿ ಅಜ್ಜ'. ಹಾರ್ಮೋನಿಕಾ ಊದುತ್ತ ಬಾಯಲ್ಲೇ ರೈಲು ಓಡಿಸುವವನು 'ಪೀಪಿ ಮಾಮಾ'. ಸರಿ ಬಾಳದ ಗಂಡನನ್ನು ಹೊಸ್ತಿಲು ದಾಟಿಸಿ ಬಾಗಿಲು ಹಾಕುವ ಗಟ್ಟಿ ಗಂಟಲಿನ ಹೆಂಗಸು 'ದೊಡ್ಡಕ್ಕ'. ಇವರೆಲ್ಲರ ಹಾಡನ್ನು ಎತ್ತಿಕೊಂಡು, ಕರೆಂಟಿನ ಗಿಟಾರಿಗೆ ಏರಿಸಿ, ಡ್ರಮ್ ಬಡಿದು ಕಿಟಕಿ ನಡುಗಿಸುವ ಬ್ಲೂಸ್-ರಾಕ್ ತಂಡದ ಮೂವರು 'ಗದ್ದಲದ ಹುಡುಗರು'.

ಇಂಥ ಸಂಪತ್ತನ್ನು ನಾನೊಬ್ಬನೇ ಅನುಭವಿಸುವುದು ನ್ಯಾಯವೇ? ಅಲ್ಲ ಎಂದು ತೀರ್ಮಾನಿಸಿದೆ. ಒಂದು ಭಾನುವಾರ ಸಂಜೆ, ಕೇಳಲೇಬೇಕಾದ ಬ್ಲೂಸ್ ಕಲಾವಿದರ ಬಗ್ಗೆ ಸೋದಾಹರಣ ಉಪನ್ಯಾಸ ಕೊಡುವುದು. ನಂತರ ಒಂದು ಕೇಳುಗರ ಬಳಗ ಕಟ್ಟುವುದು. ಅದಕ್ಕೆ ಅಧ್ಯಕ್ಷ ಯಾರೆಂದು ನಾನು ಹೇಳಬೇಕಾಗಿಲ್ಲ!

ನಮ್ಮ ಓಣಿಯ ಸಮುದಾಯ ಭವನ ನೋಡಿಕೊಳ್ಳುವ ಹಿರಿಯರು ಒಂದು ಷರತ್ತು ಹಾಕಿದರು. "ಇಪ್ಪತ್ತ ಮಂದಿ ಬಂದ್ರ ತಿಂಗಳಿಗೊಂದ ರವಿವಾರ ಹಾಲ್ ನಿಮ್ಮದ್ರಿ ಸರ್. ಬರಲಿಲ್ಲಂದ್ರ ಮತ್ತ ಕೇಳಾಕ ಬರಬ್ಯಾಡ್ರಿ."

"ಇಪ್ಪತ್ತ ಮಂದೀನ ಎಲ್ಲಿಂದ ತರ್ತೀರಿ?" ಎಂದಳು ಸುರೇಖಾ. "ಮನ್ಯಾಗ ಕೇಳಾಕ ಇರಾಕಿ ನಾ ಒಬ್ಬಾಕಿ, ನಾನ ಎದ್ದ ಹೋಗ್ತೇನಿ."

ನಾನು ನಕ್ಕೆ. ಐನೂರು ಕರಪತ್ರ ಅಚ್ಚು ಹಾಕಿಸಲು ಒಕ್ಕಣೆ ಬರೆದುಕೊಟ್ಟೆ. ಮುದ್ರಣಕ್ಕೆ ಮೊದಲು ಪ್ರೆಸ್ಸಿನ ಈರಪ್ಪ ಪ್ರೂಫ್ ತಂದು ತೋರಿಸಿದ. ನಾನು ಜವಾಬ್ದಾರಿಯುತ ಶಿಕ್ಷಕ. ನನ್ನ ಇನಿಷಿಯಲ್ ಸರಿ ಇದೆಯೇ, ಹೆಸರಿನ ಮುಂದೆ 'ಎಂ.ಎಸ್ಸಿ., ಬಿ.ಎಡ್.' ಬಂದಿದೆಯೇ ಎಂದು ಎರಡೆರಡು ಸಲ ಪರೀಕ್ಷಿಸಿದೆ. ಎರಡೂ ಸರಿಯಾಗಿದ್ದವು. ಸಹಿ ಹಾಕಿದೆ. ಉಳಿದದ್ದನ್ನು ಓದಲಿಲ್ಲ.

ಕರಪತ್ರಗಳು ರಬಕವಿ-ಬನಹಟ್ಟಿಯ ಮನೆಮನೆಗೆ ಬೆಳಗಿನ ಪೇಪರಿನೊಳಗೆ ಸೇರಿ ಹೋದವು. ಒಂದನ್ನು ಲಕೋಟೆಯಲ್ಲಿಟ್ಟು ಜಮಖಂಡಿಯ ಸಂಗೀತ ಮಾಸ್ತರರಿಗೆ ಕಳಿಸಿದೆ. ನಲವತ್ತು ವರ್ಷ ಹಿಂದೂಸ್ತಾನಿ ಕಲಿಸಿದ ಕಟ್ಟುನಿಟ್ಟಿನ ಮನುಷ್ಯ. ಹಿಂದೊಮ್ಮೆ ನಮ್ಮ ಬಾಟ್ಲಿ ಅಜ್ಜನನ್ನು ಅರ್ಧ ನಿಮಿಷ ಕೇಳಿ, "ಇದು ಹಾಡಲ್ಲೋ, ಹಲ್ಲನೋವು" ಎಂದು ಎದ್ದು ಹೋದವರು. ಅವರನ್ನು ಗೆಲ್ಲಬೇಕೆಂಬ ಆಸೆ ನನಗೆ ಆವತ್ತಿನಿಂದಲೂ ಇತ್ತು.

ಭಾನುವಾರ ಸಂಜೆ ಭವನದ ಬಾಗಿಲಿಗೆ ಹೋದವನು ಅಲ್ಲೇ ನಿಂತುಬಿಟ್ಟೆ. ಜನ! ಇಪ್ಪತ್ತಲ್ಲ, ಐವತ್ತಕ್ಕೂ ಮಿಕ್ಕಿ ಜನ! ಅದರಲ್ಲಿ ಮುಕ್ಕಾಲು ಪಾಲು ಹೆಂಗಸರು, ಎಲ್ಲರ ಕೈಯಲ್ಲೂ ಒಂದೊಂದು ಚೀಲ. ಮುಂದಿನ ಸಾಲಿನಲ್ಲಿ ನಮ್ಮ ಟೇಲರ್ ದಸ್ತಗೀರ್ ಪೆನ್ನು ಬಿಚ್ಚಿಕೊಂಡು ಕೂತಿದ್ದ. ಮಗ್ಗಗಳಿಗೆ ನೂಲು ಸುತ್ತಿ ಮುದುಕಿಯಾದ ಕಾಶವ್ವ ಮೊಮ್ಮಗಳೊಂದಿಗೆ ಬಂದಿದ್ದಳು. ಕೊನೆಯ ಸಾಲಿನಲ್ಲಿ ಸಾಕ್ಷಾತ್ ಜಮಖಂಡಿ ಮಾಸ್ತರರು! ಅವರ ಕೈಯಲ್ಲೂ ಚೀಲ. ನನಗೆ ಕಣ್ಣು ತುಂಬಿ ಬಂತು. ಇಷ್ಟು ವರ್ಷ ಈ ಊರನ್ನು ನಾನು ತಪ್ಪು ತಿಳಿದಿದ್ದೆ!

"ಬ್ಲೂಸ್‌ನ ಮೂಲ ಹತ್ತಿಯಲ್ಲಿದೆ" ಎಂದು ಆರಂಭಿಸಿದೆ.

ಹೆಂಗಸರು ಹೌದೌದೆಂದು ತಲೆಯಾಡಿಸಿದರು. "ಸರ್ ಇಂಗ್ಲಿಷಿನ್ಯಾಗ ಅಂತಾರ, ನಾವು ಬ್ಲೌಸ್ ಅಂತೀವಿ" ಎಂದು ಯಾರೋ ಪಕ್ಕದವರಿಗೆ ಹೇಳಿದ್ದು ಕಿವಿಗೆ ಬಿತ್ತು. ಮೆದುಳಿಗೆ ತಲುಪಲಿಲ್ಲ.

"ಮೊದಲು ಹಳ್ಳಿಗಳಲ್ಲಿ ಎಲ್ಲವೂ ಕೈಯಿಂದಲೇ. ಪಟ್ಟಣಕ್ಕೆ ಬಂದ ಮೇಲೆ ಕರೆಂಟ್ ಸೇರಿತು."

"ಖರೇ ಐತ್ರಿ. ನಾನೂ ಮಷಿನ್ನಿಗೆ ಮೋಟರ್ ಕೂಡಿಸೇನಿ" ಎಂದ ದಸ್ತಗೀರ್. ರಸಿಕ ತನ್ನದೇ ಉದಾಹರಣೆ ಕೊಡುತ್ತಿದ್ದಾನೆಂದು ಮೆಚ್ಚಿಕೊಂಡೆ.

"ಇದಕ್ಕೆ ಹನ್ನೆರಡರ ಲೆಕ್ಕವಿದೆ. ಹನ್ನೆರಡಕ್ಕೇ ಒಂದು ಸುತ್ತು ಮುಗಿಯಬೇಕು. ಮೀರಿದರೆ ಅಂದ ಕೆಡುತ್ತದೆ." ದಸ್ತಗೀರ್ ಬರೆದುಕೊಂಡ. ನಾನು ಹೇಳಿದ್ದು ತಾಳದ ಹನ್ನೆರಡು ಆವರ್ತ; ಅವನು ಬರೆದದ್ದು 'ಹನ್ನೆರಡು ಇಂಚು' ಎಂದು ನನಗೆ ಗೊತ್ತಾದದ್ದು ಆಮೇಲೆ.

"ಆದರೆ ಇದರ ಜೀವ ಇರುವುದು ಕೊರಳಿನಲ್ಲಿ" ಎಂದು ದನಿ ಏರಿಸಿದೆ.

ಕಾಶವ್ವನ ಮೊಮ್ಮಗಳು ಎದ್ದು ನಿಂತಳು. "ಸರ್, ಹಿಂದಿನ ಕೊರಳೋ, ಮುಂದಿನ ಕೊರಳೋ?"

ಎಂಥ ಪ್ರಶ್ನೆ! ಹಳೆಯ ಗಾಯಕರ ಕೊರಳೋ, ನಂತರ ಬಂದವರ ಕೊರಳೋ ಎಂದು ವಿವೇಚಿಸುವ ಹುಡುಗಿ! ಉತ್ಸಾಹ ಉಕ್ಕಿತು. "ಹಿಂದಿನದೇ ಆಳ! ಎಷ್ಟು ಆಳವೆಂದರೆ ಎದುರಿಗಿದ್ದವರ ಎದೆ ನಡುಗಬೇಕು. ಮುಂದಿನವು ಅಷ್ಟು ಆಳಕ್ಕೆ ಇಳಿಯಲಿಲ್ಲ ಎಂಬುದೇ ನನ್ನ ಕೊರಗು!"

ಕೆಲವರು ಸೆರಗು ಎಳೆದುಕೊಂಡರು. ಕಾಶವ್ವ ಎದ್ದಳು. "ಸಾಲಿ ಮಾಸ್ತರಾಗಿ ಹೆಣ್ಣಮಕ್ಕಳ ಮುಂದ ಇಂಥಾ ಮಾತ ಆಡ್ತೀಯೇನೋ ತಮ್ಮಾ? ನಿನ್ನ ಹೇಂತಿ ಇಲ್ಲೇ ಕುಂತಾಳ, ಅದರ ಖಬರರೆ ಐತಿಲ್ಲೋ?"

ಹೇಂತಿ ಅಲ್ಲಿಂದ ಎದ್ದು ಬಂದು ಕರಪತ್ರವನ್ನು ನನ್ನ ಕೈಗಿಟ್ಟಳು. ಜೀವನದಲ್ಲಿ ಮೊದಲ ಬಾರಿಗೆ ಅದನ್ನು ಓದಿದೆ.

'ಕೇಳಲೇಬೇಕಾದ ಬ್ಲೌಸ್ ಮತ್ತು ಬ್ಲೌಸ್ ರ‍್ಯಾಕ್ ಕಲಾವಿದರು. ಸೋದಾಹರಣ ಉಪನ್ಯಾಸ. ಎಲ್ಲರಿಗೂ ಸ್ವಾಗತ.' ಕೆಳಗೆ ನನ್ನ ಹೆಸರು, ಎಂ.ಎಸ್ಸಿ., ಬಿ.ಎಡ್. ಆ ಭಾಗದಲ್ಲಿ ಒಂದೇ ಒಂದು ತಪ್ಪಿರಲಿಲ್ಲ!

ಮೂಲೆಗೆ ಹೋಗಿ ಈರಪ್ಪನಿಗೆ ಫೋನ್ ಹಚ್ಚಿದೆ. "ಹೌದ್ರಿ ಸರ್, ಬ್ಲೂಸ್ ಅಂತ ಎರಡೂ ಕಡೆ ತಪ್ಪ ಬರದಿದ್ರಿ. ಮಾಸ್ತರ ಮರ್ಯಾದಿ ಹೋಗಬಾರದಂತ ನಾನ ತಿದ್ದೇನಿ. ಅಷ್ಟಕ್ಕ ಥ್ಯಾಂಕ್ಸ್ ಹೇಳಾಕ ಯಾಕ ಫೋನ್ ಮಾಡಾಕ ಹೋದ್ರಿ, ಇರಲಿ ಬಿಡ್ರಿ!" ಎಂದು ವಿನಯದಿಂದ ಇಟ್ಟುಬಿಟ್ಟ.

ತಿರುಗಿ ಬಂದು ಸತ್ಯ ಒಪ್ಪಿಕೊಂಡೆ. ಇದು ತೊಡುವ ಬ್ಲೌಸ್ ಅಲ್ಲ, ಕೇಳುವ ಬ್ಲೂಸ್ ಎಂದೆ. ಚೀಲಗಳು ಮೇಲೆದ್ದವು. ಒಳಗಿದ್ದದ್ದು ಬ್ಲೌಸ್ ಪೀಸು, ಅಳತೆಗೆ ತಂದ ಹಳೆಯ ಬ್ಲೌಸು. ಜಮಖಂಡಿ ಮಾಸ್ತರರೂ ಎದ್ದರು. "ನಮ್ಮಾಕಿ ಕರಪತ್ರ ಓದಿ ಅಳತಿ ಕೊಟ್ಟ ಕಳಿಸ್ಯಾಳೋ. ಈಗ ಮನಿಗೆ ಹೋಗಿ ಏನ್ ಹೇಳ್ಲಿ?"

ಹದಿನೈದು ವರ್ಷಗಳ ನನ್ನ ಆಸೆ ಸಾಲುಸಾಲಾಗಿ ಬಾಗಿಲ ಕಡೆ ನಡೆಯುತ್ತಿತ್ತು. ಆಗ ಸುರೇಖಾ ಬಾಗಿಲಿಗೆ ಅಡ್ಡ ನಿಂತಳು.

"ಚಾ ಮತ್ತ ಅವಲಕ್ಕಿ ಚೂಡಾ ಮಾಡೇನಿ. ತಿನ್ನದ ಹೊಂಟ್ರ ನಾ ಬಿಡಾಕಿ ಅಲ್ಲ. ಕುಂದರ್ರಿ ಎಲ್ಲಾರೂ!" ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದಳು. "ಚಾ ಮುಗಿಯೂದರಾಗ ಏನ್ ಹಚ್ತೀರಿ ಹಚ್ಚರಿ. ಮಾತಾಡಬ್ಯಾಡ್ರಿ."

ಬಾಟ್ಲಿ ಅಜ್ಜನನ್ನು ಹಚ್ಚಿದೆ. ಚೂಡಾ ಅಗಿಯುವ ಸದ್ದಿನ ನಡುವೆ ಆ ಮುದುಕ ದನಿ ತೆಗೆದ. ತಂತಿಯ ಮೇಲೆ ಗಾಜು ಅಳುತ್ತ ಜಾರಿತು.

"ಏನ್ ಅನ್ನಾಕತ್ತಾನ ಅಂವಾ?" ಎಂದಳು ಕಾಶವ್ವ.

"ಮುಂಜಾನಿ ಎದ್ದ ನೋಡಿದ್ರ ಹೇಂತಿ ಬಿಟ್ಟ ಹೋಗ್ಯಾಳಂತ್ರಿ ಕಾಕು" ಎಂದೆ ನಾನು.

"ತವರಮನಿಗೋ?"

"ಅದನ್ನ ಹೇಳಿಲ್ರಿ."

"ಕುಡೀತಾನೇನ?"

"ಮುಂದಿನ ಹಾಡಿನ್ಯಾಗ ಕುಡೀತಾನ್ರಿ."

"ಹಂಗಾರ ಹೋಗಿದ್ದ ಛಲೋ ಆತು!"

ಭವನ ಗೊಳ್ಳೆಂದಿತು. "ಹೇಳಿದ್ದನ್ನ ಮತ್ತ ಎದಕ್ಕ ಹೇಳ್ತಾನ?" ಎಂದು ಇನ್ನೊಬ್ಬಾಕೆ ಕೇಳಿದಳು. ಬ್ಲೂಸ್‌ನಲ್ಲಿ ಮೊದಲ ಸಾಲು ಎರಡು ಸಲ ಬರುತ್ತದೆ. ಆಮೇಲೆ ಮೂರನೆಯದು ಉತ್ತರವಾಗಿ ಬರುತ್ತದೆ. ಈ ರಚನೆಯ ಬಗ್ಗೆ ನನ್ನ ಬಳಿ ಎಂಟು ಪುಟಗಳ ಟಿಪ್ಪಣಿ ಇತ್ತು. ತೆರೆಯುವಷ್ಟರಲ್ಲಿ ಸುರೇಖಾ ಉತ್ತರಿಸಿದಳು. "ಮೊದಲ ಸರ್ತಿ ಹೇಳಿದ್ದ ಮನ್ಯಾಗ ಯಾರ ಕೇಳ್ತಾರ?" ಐವತ್ತು ತಲೆಗಳು ಒಟ್ಟಿಗೆ ಆಡಿದವು. ಎಂಟು ಪುಟಗಳನ್ನು ಮಡಚಿ ಜೇಬಿಗೆ ಹಾಕಿದೆ.

ಪೀಪಿ ಮಾಮಾನ ರೈಲು ಹೊರಟಾಗ ದಸ್ತಗೀರನ ಕಾಲು ತಾನಾಗಿಯೇ ಮಷಿನ್ ತುಳಿಯತೊಡಗಿತು. ಗದ್ದಲದ ಹುಡುಗರು ಬಂದು ಕಿಟಕಿ ನಡುಗಿಸಿದರು. ಯಾರಾದರೂ ಬೈದಾರೆಂದು ನಾನು ದನಿ ಇಳಿಸಲು ಹೋದೆ. "ಇದ ಗದ್ದಲೇನ್ರಿ ಸರ್? ಒಮ್ಮಿ ನಮ್ಮ ಪವರ್‌ಲೂಮ್ ಶೆಡ್ಡಿಗೆ ಬರ್ರಿ!" ಎಂದು ಹೆಂಗಸರು ಇನ್ನಷ್ಟು ಏರಿಸಲು ಹೇಳಿದರು.

ಆಮೇಲೆ ದೊಡ್ಡಕ್ಕ. ಗಂಡನ ಟ್ರಂಕು ಹೊರಗಿಟ್ಟಾಳಂತ, ಚಪ್ಪಲೀನೂ ಅಲ್ಲೇ ಅದಾವಂತ, ಒಳಗ ಬರಬ್ಯಾಡ ಅಂತಾಳ ಎಂದು ನಾನು ಹೇಳಿದ್ದೇ ತಡ, ಚಪ್ಪಾಳೆ ಬಿತ್ತು! ಮತ್ತೊಮ್ಮೆ ಹಚ್ಚಿಸಿದರು. ಮೂರನೆಯ ಸಲ ಯಾರೂ ನಗಲಿಲ್ಲ. ಕಾಶವ್ವ ಚಹಾದ ಕಪ್ಪು ಕೆಳಗಿಟ್ಟು ಸ್ಪೀಕರನ್ನೇ ನೋಡುತ್ತಿದ್ದಳು.

"ಇಷ್ಟ ದೊಡ್ಡ ದನೀಲೆ ನಾ ಒಂದ ದಿನಾನೂ ಮಾತಾಡಿಲ್ಲ ತಮ್ಮಾ" ಎಂದಳು. "ಮಗ್ಗದ ಸಪ್ಪಳದಾಗ ಮಾತಾಡಿದ್ರೂ ಯಾರಿಗೆ ಕೇಳ್ತಿತ್ತು?"

ಹದಿನೈದು ವರ್ಷ ಕೇಳಿದ ನನಗಿಂತ ಹೆಚ್ಚನ್ನು ಆ ಮುದುಕಿ ಮೂರು ಸಲದಲ್ಲಿ ಕೇಳಿದ್ದಳು.

ಜಮಖಂಡಿ ಮಾಸ್ತರರು ಬಳಿ ಬಂದರು. "ಆ ಮುದುಕನ ಬಾಟ್ಲಿ ಇನ್ನೊಮ್ಮಿ ಹಚ್ಚು" ಎಂದು ಕಣ್ಣು ಮುಚ್ಚಿ ಪೂರ್ತಿ ಕೇಳಿದರು. "ಒಂದ ಸ್ವರದಿಂದ ಇನ್ನೊಂದಕ್ಕ ಜಾರೂದ ನೋಡು. ನಮ್ಮ ಮೀಂಡ್ ಅಲ್ಲೇನೋ ಇದು? ಕಳ್ಳ ಅದಾನ, ಆದ್ರ ಸುರದಾಗ ಅದಾನ." ಇಷ್ಟು ಹೇಳಿ, ತಂದಿದ್ದ ಅಳತೆಯನ್ನು ದಸ್ತಗೀರನಿಗೆ ಒಪ್ಪಿಸಿ ಜಮಖಂಡಿಯ ಬಸ್ಸು ಹಿಡಿದರು.

ಬಳಗ ಅಲ್ಲೇ, ಆ ಸಂಜೆಯೇ ಹುಟ್ಟಿತು. ಇಪ್ಪತ್ತಾರು ಜನ ಹೆಸರು ಬರೆಸಿದರು. ಪದಾಧಿಕಾರಿಗಳ ಆಯ್ಕೆಯ ಹೊತ್ತಿಗೆ ನಾನು ಜುಬ್ಬಾ ಸರಿ ಮಾಡಿಕೊಂಡು ಮುಂದೆ ನಿಂತೆ. ಅಧ್ಯಕ್ಷೆಯಾಗಿ ಸುರೇಖಾಳ ಹೆಸರನ್ನು ಕಾಶವ್ವ ಸೂಚಿಸಿದಳು. ಎಲ್ಲರೂ ಕೈ ಎತ್ತಿದರು. ಗಾಬರಿಯಲ್ಲಿ ನಾನೂ ಎತ್ತಿದೆ! ಕಾರ್ಯದರ್ಶಿಯ ಸ್ಥಾನಕ್ಕಾದರೂ ನನ್ನನ್ನು ಪರಿಗಣಿಸಬಹುದಲ್ಲ ಎಂದು ಕೆಮ್ಮಿದೆ.

"ಸರ್ ಭಾಳ ಛಲೋ ಮನಷ್ಯಾ ಅದಾರ" ಎಂದು ಕಾಶವ್ವ ನನ್ನ ಬಗ್ಗೆ ನನ್ನ ಮುಂದೆಯೇ ತೀರ್ಪು ಕೊಟ್ಟಳು. "ಆದ್ರ ನಡುವ ಮಾತಾಡ್ತಾರ."

ಈಗ ತಿಂಗಳಿಗೊಂದು ಭಾನುವಾರ ಬನಹಟ್ಟಿಯ ಭವನದಲ್ಲಿ ಬ್ಲೂಸ್ ಕೇಳಿಬರುತ್ತದೆ. ಹೊಸ ಗಾಯಕರನ್ನು ನಾನು ಹುಡುಕಿ ತರುತ್ತೇನೆ. ಯಾರು ಕೇಳಲು ಯೋಗ್ಯರು, ಯಾರು ಅಲ್ಲ ಎಂದು ಅವರು ನಿರ್ಧರಿಸುತ್ತಾರೆ. ಸಂಸ್ಥೆಯಲ್ಲಿ ನನಗೂ ಒಂದು ಗೌರವದ ಸ್ಥಾನವಿದೆ. ಸ್ಪೀಕರ್ ಪೆಟ್ಟಿಗೆಯನ್ನು ಸ್ಕೂಟರ್ ಮೇಲೆ ತಂದು ಜೋಡಿಸಿ ಗುಂಡಿ ಒತ್ತುವುದು ನನ್ನ ಹೊಣೆ. ಅದೂ ಅಧ್ಯಕ್ಷರು ಕಣ್ಸನ್ನೆ ಮಾಡಿದ ಮೇಲೆ.