ರೋಗ ಹೆಚ್ಚಾದಷ್ಟೂ ನಿಧಾನವಾಗಿ ಅರಳುವ ಕಿಟಕಿಗೆ

ಇವರಿಗೆ,
ಶ್ರೀಮತ್ ಕಿಟಕಿಯವರು,
ಕಂಪ್ಯೂಟರ್ ಪರದೆಯ ಎಡಭಾಗ,
ನನ್ನ ಅಕ್ಕನ ಔಷಧಿ ಅಂಗಡಿ.

ವಿಷಯ: ತಾವು ಹಿಗ್ಗುವ ವೇಗದ ಬಗ್ಗೆ ಒಂದು ವಿನಮ್ರ ಅಳಲು.

ಮಾನ್ಯರೇ,

ತಾವು ಅಗಲದಲ್ಲೂ ಎತ್ತರದಲ್ಲೂ ಕ್ಷೇಮವಾಗಿದ್ದೀರೆಂದು ನಂಬಿ, ತಮ್ಮ ನಾಲ್ಕು ಮೂಲೆಗಳಿಗೆ ಒಂದೊಂದರಂತೆ ನಾಲ್ಕು ನಮಸ್ಕಾರಗಳನ್ನು ಸಲ್ಲಿಸಿ ಈ ಪತ್ರ ಬರೆಯುತ್ತಿದ್ದೇನೆ. ತಮ್ಮನ್ನು ಕಂಪ್ಯೂಟರ್ ಭಾಷೆಯಲ್ಲಿ ಸಾಲು ಸಾಲಾಗಿ ಬರೆದು, ತಪ್ಪು ತಿದ್ದಿ, ಅಕ್ಕನ ಪರದೆಯ ಮೇಲೆ ತಂದು ನಿಲ್ಲಿಸಿದವನು ನಾನೇ ಆದ್ದರಿಂದ ಏಕವಚನದಲ್ಲಿ ಗದರುವ ಹಕ್ಕು ನನಗಿತ್ತು. ಆದರೆ ಹತ್ತು ದಿನಗಳಿಂದ ತಾವು ತೋರುತ್ತಿರುವ ಗತ್ತಿಗೆ ಬಹುವಚನವೂ ಸಾಲದೆನಿಸುತ್ತಿದೆ.

ಇದು ಬಹಿರಂಗ ಪತ್ರವಾದ್ದರಿಂದ, ನೋಡುತ್ತಿರುವ ನಾಲ್ಕು ಜನರಿಗೂ ತಮ್ಮ ಕೆಲಸವೇನೆಂದು ತಿಳಿಯಲಿ. ಗಿರಾಕಿ ಬಂದ ಕೂಡಲೇ ಅಕ್ಕ ಅವರ ಹೆಸರನ್ನು ಒತ್ತುತ್ತಾಳೆ. ಅಂಗೈಯಷ್ಟಿರುವ ತಾವು ಆಗ ಒಂದೊಂದು ಔಷಧಿಗೆ ಒಂದೊಂದು ಸಾಲಿನಂತೆ ಕೆಳಕ್ಕೆ ಬೆಳೆದು ಪಟ್ಟಿಯನ್ನು ತೋರಿಸಬೇಕು. ಥಟ್ಟನೆ ಬೆಳೆದರೆ ಕಣ್ಣಿಗೆ ಹೊಡೆದಂತಾಗುತ್ತದೆಂದು ನಾನೇ ಒಂದು ಲೆಕ್ಕ ಬರೆದುಕೊಟ್ಟೆ: ಪರದೆಯ ನೂರು ಚುಕ್ಕಿ ಎತ್ತರಕ್ಕೆ ಅರ್ಧ ಸೆಕೆಂಡು. ಮನೆಯಲ್ಲಿ ಪರೀಕ್ಷೆ ಮಾಡುವಾಗ ನನ್ನ ಬಳಿ ಇದ್ದದ್ದು ಒಂದು ನೆಗಡಿ ಮಾತ್ರ. ಆ ಒಂದು ಮಾತ್ರೆಗೆ ತಾವು ಎಷ್ಟು ನಾಜೂಕಾಗಿ ಅರಳಿದಿರೆಂದರೆ, ನಾನು ಏಳು ಸಲ ನೋಡಿ, ಎಂಟನೆಯ ಸಲ ಹೆಂಡತಿಯನ್ನು ಕರೆದು ತೋರಿಸಿದೆ. ಅವಳು "ಚೆನ್ನಾಗಿದೆ, ಈಗ ಆ ಮಾತ್ರೆ ನುಂಗಿ" ಎಂದಳು. ಮನೆಯಲ್ಲಿ ಇನ್ನೊಂದು ಹತ್ತು ಕಾಯಿಲೆಗಳಿದ್ದಿದ್ದರೆ ತಮ್ಮ ನಿಜವಾದ ಸ್ವಭಾವ ಅಂದೇ ಬಯಲಾಗುತ್ತಿತ್ತು; ನನ್ನ ಆರೋಗ್ಯವೇ ಅಕ್ಕನ ಕೊರಳಿಗೆ ಸುತ್ತಿಕೊಂಡಿತು.

ತಲೆನೋವಿನವನು ಬಂದರೆ ರೆಪ್ಪೆ ಬಡಿಯುವಷ್ಟರಲ್ಲಿ ತೆರೆದುಕೊಳ್ಳುವ ತಾವು, ಸಕ್ಕರೆ, ರಕ್ತದೊತ್ತಡ, ಮಂಡಿನೋವುಗಳನ್ನು ಒಟ್ಟಿಗೆ ಸಾಕಿಕೊಂಡವರು ಬಂದರೆ ಮೆಟ್ಟಿಲಿಳಿಯುವ ಮಹಾರಾಜರಂತೆ ಇಳಿಯುತ್ತೀರಿ. ನಿಲ್ಲಲಾರದವರನ್ನೇ ಹುಡುಕಿ ಹೆಚ್ಚು ಹೊತ್ತು ನಿಲ್ಲಿಸುವ ಈ ಏರ್ಪಾಟನ್ನು ಯಾವ ಕಚೇರಿಯೂ ಇಷ್ಟು ಕರಾರುವಾಕ್ಕಾಗಿ ಸಾಧಿಸಿಲ್ಲವೆಂದು ತಮ್ಮನ್ನು ಅಭಿನಂದಿಸದೆ ವಿಧಿಯಿಲ್ಲ. ಹನ್ನೊಂದು ಬಗೆಯ ಔಷಧಿ ತೆಗೆದುಕೊಳ್ಳುವುದರಿಂದ ಅಂಗಡಿಯಲ್ಲಿ ಹನ್ನೊಂದರ ತಾತ ಎಂದೇ ಹೆಸರಾದ ಹಿರಿಯರಿಗೆ ತಾವು ನಾಲ್ಕು ಸೆಕೆಂಡು ತೆಗೆದುಕೊಂಡಿರಿ. ಪರದೆ ಗಿರಾಕಿಗೂ ಕಾಣುವಂತೆ ಓರೆಯಾಗಿರುವುದರಿಂದ ತಾತ ಅದನ್ನು ಕಣ್ತುಂಬ ನೋಡಿ, ಹಿಂದೆ ತಿರುಗಿ "ನಂದು ಇನ್ನೂ ಬರ್ತಾ ಇದೆ, ನಿಂತ್ಕೊಳ್ರಪ್ಪಾ" ಎಂದರಂತೆ. ಹಿಂದೆ ನಿಂತಿದ್ದ ಮೂರೇ ಮಾತ್ರೆಯ ಬಡಗಿಯೊಬ್ಬ ನಾಚಿ ತನ್ನ ಚೀಟಿಯನ್ನು ಜೇಬಿನೊಳಗೆ ಮಡಚಿಟ್ಟುಕೊಂಡನಂತೆ.

ನಾಲ್ಕು ಸೆಕೆಂಡು ಏನು ಮಹಾ ಎಂದು ನಾನು ಬಾಯಿಬಿಟ್ಟದ್ದು ತಪ್ಪಾಯಿತು. "ಸಾಲಲ್ಲಿ ಇಪ್ಪತ್ತು ಜನ ಕೆಮ್ಮುತ್ತಾ ನಿಂತಿರುವಾಗ ನೀನೇ ಬಂದು ಇಲ್ಲಿ ನಿಂತ್ಕೊಳ್ಳೋ, ಆಗ ಸೆಕೆಂಡು ಅಂದ್ರೆ ಎಷ್ಟುದ್ದ ಅಂತ ಗೊತ್ತಾಗುತ್ತೆ" ಎಂದಳು ಅಕ್ಕ. ಅವಮಾನದಲ್ಲಿ ನಾನು ಸಮಯವನ್ನು ಸೊನ್ನೆಗೆ ಇಳಿಸಿದೆ. ತಾವೋ, ಅಲ್ಲಿಯವರೆಗೆ ಮೈಮುರಿಯುತ್ತಿದ್ದವರು, ಮರುದಿನವೇ ಕಪ್ಪೆಯಂತೆ ನೆಗೆದಿರಿ. ಅಕ್ಕನಿಗೆ ಏನನ್ನೇ ಆಗಲಿ ಎರಡು ಸಲ ಒತ್ತುವ ಅಭ್ಯಾಸ. ಮೊದಲ ಒತ್ತಿಗೆ ತಾವು ಪೂರ್ತಿ ತೆರೆದುಕೊಂಡಿರಿ, ಎರಡನೆಯ ಒತ್ತು ಅದೇ ಜಾಗಕ್ಕೆ ಬಂದು ಕುಳಿತಿದ್ದ 'ತೆಗೆದುಹಾಕು' ಗುಂಡಿಯ ಮೇಲೆ ಬಿತ್ತು, ತಾತನ ರಕ್ತದೊತ್ತಡದ ಮಾತ್ರೆ ಪಟ್ಟಿಯಿಂದ ಸದ್ದಿಲ್ಲದೆ ಮಾಯವಾಯಿತು. ತಾತನ ಪಟ್ಟಿ ಅಕ್ಕನಿಗೆ ಬಾಯಿಪಾಠ ಇದ್ದದ್ದರಿಂದ ಮಾತ್ರೆ ಚೀಲ ಸೇರಿತು. "ಕಂಪ್ಯೂಟರು ಮರೆತದ್ದನ್ನು ನಾನು ನೆನಪಿಟ್ಕೊಳ್ಳೋದಾದ್ರೆ ಇದ್ಯಾಕೆ ಬೇಕು?" ಎಂದ ಅವಳು, ಶನಿವಾರ ಸಂಜೆಯೊಳಗೆ ತಾವು ಸರಿಹೋಗದಿದ್ದರೆ ಸೋಮವಾರದಿಂದ ಹಳೆಯ ರಟ್ಟಿನ ಪುಸ್ತಕವೇ ಗತಿ ಎಂದು ತೀರ್ಪು ಕೊಟ್ಟಿದ್ದಾಳೆ.

ಆದ್ದರಿಂದ ಕೈಮುಗಿದು ಬೇಡುವುದೇನೆಂದರೆ, ಇನ್ನು ಮುಂದೆ ಒಂದು ಮಾತ್ರೆಯವರಿಗೂ ಹನ್ನೊಂದರವರಿಗೂ ತಾವು ಕಾಲು ಸೆಕೆಂಡೇ ತೆಗೆದುಕೊಳ್ಳಬೇಕು, ಪೂರ್ತಿ ಅರಳುವವರೆಗೆ ಯಾರು ಎಷ್ಟು ಸಲ ಒತ್ತಿದರೂ ಕೇಳಿಸದವರಂತೆ ಇರಬೇಕು. ಇದಿಷ್ಟನ್ನು ನಾನೇ ಬರೆದು ಸೇರಿಸುತ್ತೇನೆ. ಉಳಿದದ್ದು ತಮ್ಮ ದೊಡ್ಡ ಮನಸ್ಸಿಗೆ ಬಿಟ್ಟದ್ದು: ಅಕ್ಕ ಚಹಾ ಲೋಟ ಎತ್ತಿದಾಗ ಗುಟುಕು ಇಳಿಯುವವರೆಗೆ ಕಾಯುವುದು, ಮಾತು ಬೆಳೆಸುವ ಗಿರಾಕಿ ಬಂದರೆ ಅವರು ಬಾಯಿ ತೆರೆಯುವ ಮೊದಲೇ ತಾವು ತೆರೆದುಕೊಳ್ಳುವುದು, ಚೀಟಿಯ ಮೇಲಿನ ಡಾಕ್ಟರ ಕೈಬರಹವನ್ನು ಬಿಡಿಸಲು ಅಕ್ಕನಿಗೆ ಹಿಡಿಯುವ ಹೊತ್ತನ್ನು ಆ ಡಾಕ್ಟರ ಆಯುಷ್ಯದಿಂದಲೇ ಕಡ ತರುವುದು.

ಶನಿವಾರ ಸಂಜೆಯವರೆಗೆ ಮಾತ್ರ
ತಮ್ಮ ವಿಶ್ವಾಸಿ,
ತಮ್ಮನ್ನು ಬರೆದ ತಪ್ಪಿಗೆ ತಮಗೇ ಬರೆಯುತ್ತಿರುವವನು

ವಿ.ಸೂ.: ಮೇಲಿನದನ್ನು ಬರೆದಿಟ್ಟು, ಹೊಸ ಲೆಕ್ಕವನ್ನು ತಮಗೆ ಕಲಿಸಿ, ಶನಿವಾರ ಬೆಳಿಗ್ಗೆ ನಾನೂ ಅಂಗಡಿಯ ಮೂಲೆಯಲ್ಲಿ ಸ್ಟೂಲ್ ಹಾಕಿಕೊಂಡು ಕುಳಿತೆ. ತಾವು ಎಲ್ಲರಿಗೂ ಸಮನಾಗಿ ಅರಳಿದಿರಿ, ಅಕ್ಕ ಎರಡೆರಡು ಸಲ ಒತ್ತಿದರೂ ಯಾವ ಮಾತ್ರೆಯೂ ಮಾಯವಾಗಲಿಲ್ಲ, ಅವಳು ತಮ್ಮನ್ನೊಮ್ಮೆ ಬೈಯಲೂ ಇಲ್ಲ. ಆಮೇಲೆ ಹನ್ನೊಂದರ ತಾತ ಬಂದರು. ನೆಗಡಿಯವನಿಗೆ ತೆರೆದುಕೊಂಡ ಹಾಗೆಯೇ ತಾವು ಅವರಿಗೂ ತೆರೆದುಕೊಂಡಿರಿ. ಅವರು ಪರದೆಯನ್ನು ನೋಡಿ, ಅಕ್ಕನ ಮುಖ ನೋಡಿ, ದನಿ ತಗ್ಗಿಸಿ "ಏನಮ್ಮಾ, ಇಷ್ಟು ಬೇಗ ಮುಗೀತಾ? ಡಾಕ್ಟ್ರು ನನ್ನ ಕೈಬಿಟ್ಟುಬಿಟ್ರಾ?" ಎಂದು ಕೇಳಿದರು. ಹನ್ನೊಂದೂ ಇವೆಯೆಂದು ಅಕ್ಕ ಒಂದೊಂದನ್ನೇ ಎತ್ತಿ, ಹೆಸರು ಹೇಳಿ ತೋರಿಸಬೇಕಾಯಿತು. ಅದಕ್ಕೆ ಮೂರು ನಿಮಿಷ ಹಿಡಿಯಿತು. ಸಂಜೆ ಅವಳು ರಟ್ಟಿನ ಪುಸ್ತಕವನ್ನು ಅಟ್ಟಕ್ಕೆ ಹಾಕಿ, "ಎಲ್ಲಾ ಸರಿ ಇದೆ ಕಣೋ, ತಾತನಿಗೆ ಮಾತ್ರ ಮೊದಲಿನ ಹಾಗೇ ಬರೋ ಥರ ಮಾಡಿಕೊಡು" ಎಂದಳು. ಒಬ್ಬರ ಹೆಸರಿಗೆಂದು ಪ್ರತ್ಯೇಕ ಸಾಲು ಬರೆಯುವುದು ನಮ್ಮ ಕಸುಬಿನಲ್ಲಿ ನಾಚಿಕೆಗೇಡು. ಬರೆದಿದ್ದೇನೆ. ಮುಂದಿನ ಸಲ ಅವರು ಬಂದಾಗ ತಾವು ಹಳೆಯ ಗತ್ತಿನಲ್ಲೇ ಇಳಿದು ಬರಬಹುದು. ಆ ನಾಲ್ಕು ಸೆಕೆಂಡಿನ ಮರ್ಯಾದೆ ತಾತನಿಗೆ ಸೇರಿದ್ದು, ತಾವು ಜಂಭಪಡುವ ಅಗತ್ಯವಿಲ್ಲ.