ಚಿಗವ್ವನ ಹರಳಿನ ಡಬ್ಬಿ

ನಿಮ್ಮ ಮನಸ್ಸು ಕೆಟ್ಟಿದೆ ಎಂದುಕೊಳ್ಳಿ. ಕೆಡದೆ ಇರುವಂಥ ಕಾಲವೇನೂ ಇದಲ್ಲ, ಬಿಡಿ. ನೀವು ಶಹಾಪುರಕ್ಕೆ ಹೋಗಿ ನಮ್ಮ ಚಿಗವ್ವನ ಎದುರು ಕೂತಿರಿ ಎಂದೂ ಇಟ್ಟುಕೊಳ್ಳಿ. ನಿಮ್ಮ ಹೆಸರು ಕೇಳುವ ಮೊದಲೇ ಆಕೆ ನಿಮ್ಮ ತೊಡೆಯ ಮೇಲೊಂದು ಮೊರ ಇಡುತ್ತಾಳೆ. ಅದಕ್ಕೆ ಅರ್ಧ ಕಿಲೋ ತೊಗರಿ ಬೇಳೆ ಸುರಿಯುತ್ತಾಳೆ. "ಹರಳು ಆರಸ್ರಿ" ಎನ್ನುತ್ತಾಳೆ. ಅಳುತ್ತ ಬಂದವರಿಗೆ ಹೀಗೆ ಕೆಲಸ ಹಚ್ಚುವ ಮನೋಚಿಕಿತ್ಸಕಿ ಇಡೀ ದೇಶದಲ್ಲಿ ಇನ್ನೊಬ್ಬಳಿದ್ದರೆ ನಾನು ನನ್ನ ಮೀಸೆ ತೆಗೆಸುತ್ತೇನೆ!

ಚಿಗವ್ವ ಎಂದರೆ ನಮ್ಮವ್ವನ ಕಡೇ ತಂಗಿ. ಧಾರವಾಡದಲ್ಲಿ ಮನಃಶಾಸ್ತ್ರ ಓದಿ, ಕಲಬುರಗಿಯ ಒಂದು ದವಾಖಾನೆಯಲ್ಲಿ ಮೂವತ್ತು ವರ್ಷ ಮಂದಿಯ ಗೋಳು ಕೇಳಿ, ನಿವೃತ್ತಿಯಾದ ಮೇಲೆ ಊರಿಗೆ ಬಂದವಳು. ಮದುವೆಯಾಗಲಿಲ್ಲ. ದಿನಕ್ಕೆ ಎಂಟು ಸಂಸಾರಗಳ ಕತೆ ಕೇಳುವವಳಿಗೆ ಒಂಬತ್ತನೆಯದು ಯಾಕೆ ಬೇಕಿತ್ತು ಹೇಳಿ?

ಊರಿಗೆ ಬಂದವಳೇ ಮನೆಯ ಮುಂದೆ 'ಮನೋಚಿಕಿತ್ಸಾ ಕೇಂದ್ರ' ಎಂದು ತಗಡಿನ ಬೋರ್ಡು ಹಾಕಿಸಿದಳು. ಎರಡು ತಿಂಗಳು ಒಂದು ನರಪಿಳ್ಳೆಯೂ ಒಳಗೆ ಬರಲಿಲ್ಲ. ಬೋರ್ಡು ಕಂಡವರು ರಸ್ತೆಯ ಆ ಬದಿಗೆ ಹೋಗಿ ನಡೆಯತೊಡಗಿದರು. ಕಡೆಗೊಂದು ದಿನ ಒಬ್ಬ ಅಜ್ಜ ಕೋಲು ಊರುತ್ತ ಬಂದು ಒಳಗೆ ಇಣುಕಿದ.

"ಹುಚ್ಚರು ಎಲ್ಲಿ ಅದಾರ್ರಿ? ಸುಮ್ಮ ನೋಡಿ ಹೋಗಬೇಕಂತ ಬಂದೀನಿ."

"ಈಗಷ್ಟ ಒಬ್ರು ಬಂದಾರ, ಕುಂದರ್ರಿ ಯಜಮಾನ್ರ" ಎಂದಳಂತೆ ಚಿಗವ್ವ.

ಅಜ್ಜ ಕೂತ ಕುರ್ಚಿಯಿಂದ ಎದ್ದದ್ದು ಸಂಜೆಗೆ. ಆದರೆ ಅವನ ಹಿಂದೆ ಬೇರೆ ಯಾರೂ ಬರಲಿಲ್ಲ.

ಹಾಗಾದರೆ ಮೊರ ಎಲ್ಲಿಂದ ಬಂತು? ನಮ್ಮ ಕಡೆ ಒಂದು ಪದ್ಧತಿಯುಂಟು. ನೀವು ಹೋದ ಮನೆಯಲ್ಲಿ ಹೆಂಗಸರು ಕಾಳು ಹಸನು ಮಾಡುತ್ತ ಕೂತಿದ್ದರೆ, ನೀವು ಕೈಕಟ್ಟಿ ಕೂಡುವಂತಿಲ್ಲ. ಮಾತಾಡುತ್ತಲೇ ಮೊರದ ಒಂದು ಅಂಚಿಗೆ ಕೈ ಹಚ್ಚಬೇಕು. ಯಾರೂ ಹೇಳುವುದಿಲ್ಲ, ಕೈ ತಾನಾಗಿ ಹೋಗುತ್ತದೆ. ಹಾಗೆ ಒಂದು ಮಧ್ಯಾಹ್ನ ಪಕ್ಕದ ಮನೆಯಾಕೆ ಮೊಸರಿಗೆ ಹೆಪ್ಪು ಕೇಳಲು ಬಂದವಳು, ಚಿಗವ್ವನ ಮೊರಕ್ಕೆ ಕೈ ಹಚ್ಚಿದಳು. ಮೂರನೆಯ ಹಿಡಿ ಬೇಳೆಗೆ, ಹನ್ನೊಂದು ವರ್ಷದ ಹಿಂದೆ ತೀರಿಹೋದ ಮಗಳ ಮಾತು ತೆಗೆದಳು. ಅಲ್ಲಿಯವರೆಗೆ ಗಂಡನ ಮುಂದೆಯೂ ತೆಗೆಯದಿದ್ದ ಮಾತು. ಎರಡು ತಾಸು ಅತ್ತು, ಸೆರಗಿನಿಂದ ಮುಖ ಒರೆಸಿಕೊಂಡು ಹೋದಳು. ಐದು ನಿಮಿಷಕ್ಕೆ ಹೊಳ್ಳಿ ಬಂದಳು.

"ಹೆಪ್ಪು ಕೇಳೋದ ಮರತೆ ನೋಡ್ರಿ ಅಕ್ಕಾರ!"

ಅಂದೇ ಚಿಗವ್ವ ಬೋರ್ಡು ಇಳಿಸಿದಳು. ಅದೀಗ ಅವಳ ಹಿತ್ತಲಿನಲ್ಲಿ ನೀರಿನ ಡ್ರಮ್ಮಿಗೆ ಮುಚ್ಚಳವಾಗಿದೆ.

"ಎದುರಾಬದರ ಕುಂತು, ಕಣ್ಣಾಗ ಕಣ್ಣಿಟ್ಟು, 'ಹೇಳ್ರಿ ಏನು ತ್ರಾಸು' ಅಂದ್ರ ಯಾರು ಹೇಳ್ತಾರ? ಠಾಣೆದಾಗ ಕುಂತಂಗ ಆಗ್ತದ" ಎನ್ನುವುದು ಅವಳ ಸಿದ್ಧಾಂತ. "ಕಣ್ಣು ತಳಗ ಇರಬೇಕು, ಕೈಗೆ ಕೆಲಸ ಇರಬೇಕು. ಬಾಯಿ ತಾನ ಬಿಚ್ಚತದ. ಮೂವತ್ತು ವರ್ಷ ಖುರ್ಚಿ ಮ್ಯಾಲ ಕುಂದರಿಸಿ ಕೇಳಿದೆನಲ್ಲ, ನನಗ ಬುದ್ಧಿ ಇರಲಿಲ್ಲ ತಮ್ಮಾ."

ಗಂಡಸರೂ ಬಂದರು. ಹುಟ್ಟಿದಂದಿನಿಂದ ಮೊರ ಮುಟ್ಟದ ಗಂಡಸರು! ದೋರನಹಳ್ಳಿಯ ಒಬ್ಬ ವ್ಯಾಪಾರಿ, ಹೆಗಲಿನ ತುಂಬ ಟವೆಲ್ಲು, ಮುಖದ ತುಂಬ ಮೀಸೆ, ಬೇಳೆ ಆರಿಸುತ್ತ ಆರಿಸುತ್ತ ತನಗೆ ಆರು ತಿಂಗಳಿಂದ ನಿದ್ದೆಯಿಲ್ಲವೆಂದು ಹೇಳಿಕೊಂಡ. ಹೋಗುವಾಗ ಬಾಗಿಲಲ್ಲಿ ನಿಂತು ಕೈ ಮುಗಿದ.

"ನಮ್ಮ ಮನ್ಯಾಗ ಮಾತ್ರ ಇದನ್ನ ಹೇಳಬ್ಯಾಡ್ರಿ ಅಕ್ಕಾರ."

"ನಿದ್ದಿ ಬರದಿದ್ದದ್ದು?"

"ಅಲ್ರಿ! ನನಗ ಬ್ಯಾಳಿ ಹಸನ ಮಾಡಾಕ ಬರ್ತದಂತ!"

ಈಗ ನನ್ನ ವಿಷಯ. ನಾನು ಯಾದಗಿರಿಯ ಒಂದು ಕಚೇರಿಯಲ್ಲಿ ಗುಮಾಸ್ತ. ನನ್ನ ನಿಜವಾದ ಉದ್ಯೋಗ ಚಿಂತೆ. ಬೀಗ ಹಾಕಿ ಮೂರು ಸಲ ಜಗ್ಗುತ್ತೇನೆ. ಗಲ್ಲಿಯ ತಿರುವಿನ ತನಕ ಹೋಗಿ ನಾಲ್ಕನೆಯ ಸಲ ಜಗ್ಗಲು ಬರುತ್ತೇನೆ. ಫೋನು ಬಡಿದುಕೊಂಡರೆ ಯಾರು ಹೋದರು ಎಂದೇ ಎತ್ತುತ್ತೇನೆ. ಸಾಹೇಬರು ನಕ್ಕರೆ ಯಾಕೆ ನಕ್ಕರು, ನಗದಿದ್ದರೆ ಯಾಕೆ ನಗಲಿಲ್ಲ. ಶಹಾಪುರದ ಬಸ್ಸು ಭೀಮಾ ನದಿಯ ಸೇತುವೆಯ ಮೇಲೆ ಬಂತೆಂದರೆ ಮುಂದಿನ ಸೀಟಿನ ಸರಳು ಹಿಡಿದು ಉಸಿರು ಬಿಗಿಹಿಡಿಯುತ್ತೇನೆ, ನಾನು ಉಸಿರು ಬಿಟ್ಟರೆ ಸೇತುವೆ ಕುಸಿದೀತು ಎಂಬಂತೆ. ಶಹಾಪುರದಲ್ಲಿ ಇಳಿದರೆ ಎದುರಿಗೆ ಮಲಗಿದ ಬುದ್ಧನಂತೆ ಕಾಣುವ ಗುಡ್ಡ. ಇಡೀ ಜಿಲ್ಲೆಯಲ್ಲಿ ನಿಶ್ಚಿಂತೆಯಿಂದ ಅಡ್ಡಾಗಿರುವವನು ಅವನೊಬ್ಬನೇ ಎಂದು ನನಗೆ ಹೊಟ್ಟೆಕಿಚ್ಚು.

"ಚಿಗವ್ವ, ಸೇತುವೆ ಇವತ್ತು ಜರಾ ಅಲ್ಲಾಡಿದಂಗಾತು."

"ಹೌದಾ? ತಗೋ ಮರ." ಮೊರಕ್ಕೆ ಅವಳ ಬಾಯಲ್ಲಿ ಮರ ಎಂದೇ ಹೆಸರು.

"ನಾ ಬ್ಯಾನಿ ಹೇಳಾಕ ಬಂದಿಲ್ಲ, ಊಟಕ್ಕ ಬಂದೀನಿ!"

"ಊಟಕ್ಕ ಬ್ಯಾಳಿ ಬೇಕಲ್ಲ?"

ಮೊರ ತೆಗೆದುಕೊಂಡೆ. ಇಪ್ಪತ್ತು ವರ್ಷದ ಚಿಂತೆಯನ್ನು ನಾನು ಆ ಮೊರದಲ್ಲಿ ಆರಿಸಿದ್ದೇನೆ. ಬೇಳೆ ಆರಿಸುವುದರಲ್ಲಿ ಮಾತ್ರ ನಾನು ಶುದ್ಧ ಅಪ್ರಯೋಜಕ. ನಾನು ಹಸನು ಮಾಡಿದ ಬೇಳೆಯನ್ನು ಅವಳು ನನ್ನೆದುರೇ ಇನ್ನೊಮ್ಮೆ ಹಸನು ಮಾಡುತ್ತಾಳೆ.

ಊರಲ್ಲಿ ಸುದ್ದಿ ಹಬ್ಬಲು ಎಷ್ಟು ಹೊತ್ತು? ಒಮ್ಮೆ ಬಸ್ಸಿನಲ್ಲಿ ಒಬ್ಬಾಕೆ ನನ್ನ ಗುರುತು ಹಿಡಿದು, "ನಿಮ್ಮ ಚಿಗವ್ವ ಮಂದಿ ಕಡಿಂದ ಪುಕ್ಕಟ ಬ್ಯಾಳಿ ಹಸನ ಮಾಡಿಸಿ ಅಂಗಡಿಗೆ ಕೊಡ್ತಾಳಂತಲ್ರಿ?" ಎಂದಳು. ನನಗೆ ಹೊಸ ಚಿಂತೆ ಹತ್ತಿತು. ಅಲ್ಲದೆ ಇನ್ನೊಂದು ಅನುಮಾನ: ಈಗಿನ ಮಿಲ್ಲಿನ ಬೇಳೆಯಲ್ಲಿ ಹರಳೆಲ್ಲಿರುತ್ತದೆ? ನಮ್ಮ ಮನೆಯ ಪಾಕೀಟಿನಲ್ಲಿ ಭೂತಗನ್ನಡಿ ಹಾಕಿ ಹುಡುಕಿದರೂ ಒಂದು ಸಿಗುವುದಿಲ್ಲ. ಚಿಗವ್ವನ ಬೇಳೆಯಲ್ಲಿ ಮಾತ್ರ ಹಿಡಿಗೆ ಎರಡು!

ಗುಟ್ಟು ಗೊತ್ತಾದದ್ದು ಚಹಾಪುಡಿ ಹುಡುಕುವಾಗ. ಅಡುಗೆಮನೆಯ ಗೋಡೆಯ ಮಾಡದಲ್ಲಿ ಒಂದು ಸಣ್ಣ ಸ್ಟೀಲಿನ ಡಬ್ಬಿ. ತೆಗೆದರೆ, ತೊಳೆದು ಒಣಗಿಸಿದ ಹರಳು! ಕರಿಯವು, ಕೆಂಪನೆಯವು, ಬೇಳೆಯ ಬಣ್ಣದವು. ಒಬ್ಬರು ಆರಿಸಿ ಹೋದ ಕೂಡಲೇ ಚಿಗವ್ವ ಆ ಹರಳನ್ನೆಲ್ಲ ಮತ್ತೆ ಅದೇ ಬೇಳೆಗೆ ಬೆರೆಸಿ ಮುಂದಿನವರಿಗಾಗಿ ಮೊರ ತಯಾರು ಮಾಡುತ್ತಿದ್ದಳು. ನಾಲ್ಕು ವರ್ಷದಿಂದ ಶಹಾಪುರ ತಾಲೂಕಿನ ಸಮಸ್ತ ದುಃಖಿಗಳು ಆರಿಸಿದ್ದು ಅದೇ ಅರ್ಧ ಕಿಲೋ ಬೇಳೆ!

"ಇದು ಮೋಸ ಚಿಗವ್ವ!"

"ಮೋಸ ಯಾಕಾಗ್ತದ? ಹರಳು ಖರೇವ ಅದಾವಲ್ಲ. ದುಃಖನೂ ಹಂಗ ತಮ್ಮಾ. ಇವತ್ತು ಆರಿಸಿದ್ದು ನಾಳಿಗೆ ಮತ್ತ ಮರದಾಗ ಇರ್ತದ. ಮತ್ತ ಆರಿಸಬೇಕು. ಒಮ್ಮೆಗೇ ಮುಗಿಸಿ ಕೊಡ್ತೀನಂತ ಹೇಳಿದ್ರ, ಅದು ನೋಡು ಮೋಸ."

ಸುರಪುರದ ಒಂದು ಕಾಲೇಜಿನವರು ಇವಳನ್ನು ಭಾಷಣಕ್ಕೆ ಕರೆದದ್ದನ್ನು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ವಿಷಯ 'ಸಂಕಟದ ಕಾಲದಲ್ಲಿ ಮನಸ್ಸಿನ ಸ್ವಾಸ್ಥ್ಯ'. ಬೇಳೆಯ ಚೀಲವನ್ನೂ ಆರು ಮೊರಗಳನ್ನೂ ಹೊತ್ತು ಹಿಂದೆ ನಡೆದವನು ನಾನು. ಅವಳು ಮೈಕು ಮುಟ್ಟಲಿಲ್ಲ. ವೇದಿಕೆಯ ಮೇಲಿದ್ದ ಐದೂ ಗಣ್ಯರಿಗೆ, ಹಾರ ಹಾಕಿದವರಿಗೆ ಹಾರದ ಸಮೇತ, ಒಂದೊಂದು ಮೊರ ಕೊಟ್ಟು ತಾನೂ ಒಂದು ತೆಗೆದುಕೊಂಡು ಕೂತಳು. ಹುಡುಗ ಹುಡುಗಿಯರು ನಕ್ಕು ನಕ್ಕು ಬೆಂಚಿನಿಂದ ಬಿದ್ದರು. ಹತ್ತು ನಿಮಿಷವಾಯಿತು. ಪ್ರಾಂಶುಪಾಲರ ಬಾಯಿ ಬಿಚ್ಚಿತು. ಮೊದಲು ವರ್ಗಾವಣೆ, ಆಮೇಲೆ ಎಲ್ಲರೂ ಮುಖಕ್ಕೆ ಮಾಸ್ಕು ಕಟ್ಟಿದ ಆ ರೋಗದ ವರ್ಷದಲ್ಲಿ ದವಾಖಾನೆಯ ಬಾಗಿಲಿನಿಂದ ಒಳಗೆ ಬಿಡದೆ ಹೋದದ್ದರಿಂದ ನೋಡಲಾಗದೆ ಕಳೆದುಕೊಂಡ ತಮ್ಮ. ಮೈಕು ಅವರ ಮುಂದೆಯೇ ಇತ್ತು, ಚಾಲೂ ಇತ್ತು. ಸಭಾಂಗಣದಲ್ಲಿ ಒಬ್ಬರೂ ನಗಲಿಲ್ಲ. ಬೆಂಚಿನಿಂದ ಬಿದ್ದವರು ಎದ್ದು ನೆಟ್ಟಗೆ ಕೂತಿದ್ದರು. ಕೊನೆಗೆ ವಂದನಾರ್ಪಣೆಗೆ ಎದ್ದವರು "ಇಂಥ ಉತ್ತಮ ಭಾಷಣ" ಎಂದರು. ಚಿಗವ್ವ ಆಡಿದ್ದು ಎರಡೇ ಮಾತು: "ಹರಳು ಆರಸ್ರಿ".

ರೋಗದ ವರ್ಷ ಕಳೆದ ಮೇಲೆ ಬರುವವರು ಹೆಚ್ಚಾದರು. ರೋಗ ಹೋಯಿತು, ಹೆದರಿಕೆ ಮನೆಯಲ್ಲೇ ಉಳಿಯಿತು ಎನ್ನುತ್ತಿದ್ದಳು ಚಿಗವ್ವ. ಫೋನು ಬಿಚ್ಚಿದರೆ ಒಂದು ಯುದ್ಧ, ಮುಚ್ಚಿದರೆ ಮನೆಯೊಳಗೆ ಇನ್ನೊಂದು. "ಮಂದಿ ದುಃಖದಾಗ ಇದ್ದವ್ರಿಗೆ 'ಧೈರ್ಯ ತಗೋ' ಅಂತಾರ. ಎಲ್ಲಿಂದ ತಗೋಬೇಕು ಹೇಳು? ಅಂಗಡ್ಯಾಗ ಸಿಗತದೇನು? ಅಂದು, ಚಹಾ ಕುಡದು, ಎದ್ದು ಹೋಗ್ತಾರ. ಕುಂದರಾಕ ಆಗಂಗಿಲ್ಲ ಯಾರಿಗೂ. ಅಳೋರ ಮುಂದ ಸುಮ್ಮ ಕುಂದರೋದು ಭಾಳ ಕಠಿಣ ಕೆಲಸ ತಮ್ಮಾ. ನಿನಗಂತೂ ಈ ಜನ್ಮದಾಗ ಆಗಂಗಿಲ್ಲ." ಅದು ನಿಜ. ಯಾರಾದರೂ ಅತ್ತರೆ ನಾನು ಮೂರು ಸಲಹೆ, ಎರಡು ಸಮಾಧಾನ, ಒಂದು ಗ್ಲಾಸು ನೀರು ಹಿಡಿದು ಮೈಮೇಲೆ ಬೀಳುತ್ತೇನೆ.

ಆ ಹೊತ್ತಿಗೇ ಕೆಂಭಾವಿ ಕಡೆಯಿಂದ ಒಬ್ಬ ಮಾಸ್ತರರು ಬರತೊಡಗಿದರು. ಪ್ರಾಥಮಿಕ ಶಾಲೆಯವರು, ನಲವತ್ತರ ಆಸುಪಾಸು, ಇಸ್ತ್ರಿ ಹಾಕಿದ ಅಂಗಿ. ನಾಲ್ಕು ಐತವಾರ ಬಂದರು. ಒಮ್ಮೆ ನಾನೂ ಅಲ್ಲಿದ್ದೆ. ಹೊರಗೆ ಚಪ್ಪಲಿ ಬಿಡುವಾಗ ನನ್ನ ಚಪ್ಪಲಿಯನ್ನೂ ಜೋಡಿಸಿ ಇಟ್ಟರು. ಐದನೆಯ ಐತವಾರ ಅವರು ಬರಲಿಲ್ಲ. ಸುದ್ದಿ ಬಂತು. ಅವರು ತಮ್ಮ ಕೈಯಿಂದಲೇ ತಮ್ಮ ಜೀವ ಮುಗಿಸಿಕೊಂಡಿದ್ದರು.

ಚಿಗವ್ವ ಬಾಗಿಲು ಮುಚ್ಚಿದಳು. ಬಂದವರನ್ನು "ಮೈಯಾಗ ಆರಾಮಿಲ್ರಿ" ಎಂದು ಕಳಿಸಿದಳು. ಆಮೇಲೆ ಅದನ್ನೂ ಹೇಳಲಿಲ್ಲ. ನನ್ನ ಫೋನು ಎತ್ತಲಿಲ್ಲ. ಬಂಧುಗಳು ಸಾಲಾಗಿ ಹೋಗಿ ಧೈರ್ಯ ತಗೋ ಎಂದರು, ನಿನ್ನದೇನು ತಪ್ಪದ ಎಂದರು, ಚಹಾ ಕುಡಿದು ಬಂದರು. "ಅಕಿ ಊಟನೂ ಸರಿಯಾಗಿ ಮಾಡವಲ್ಲಳು" ಎಂದು ಪಕ್ಕದ ಮನೆಯ ಹೆಪ್ಪಿನಾಕೆ ನನಗೆ ಫೋನು ಮಾಡಿದಳು. ಇಪ್ಪತ್ತು ವರ್ಷ ನಾನು ಸುಳ್ಳುಸುಳ್ಳೇ ಕಾದಿದ್ದ ಫೋನು ನಿಜವಾಗಿ ಬಂದದ್ದು ಅದು. ಅವಳು ಹೀಗೇ ಕೂತುಬಿಟ್ಟರೆ? ಊರಿನವರಿಗೆಲ್ಲ ಒಬ್ಬ ಚಿಗವ್ವ ಇದ್ದಾಳೆ, ಚಿಗವ್ವನಿಗೆ ಯಾರಿದ್ದಾರೆ? ಸಿಕ್ಕ ಬಸ್ಸು ಹತ್ತಿದೆ. ಬೀಗ ಹಾಕಿದೆನೋ ಇಲ್ಲವೋ ಇವತ್ತಿಗೂ ನೆನಪಿಲ್ಲ.

ಅವಳು ಪಡಸಾಲೆಯ ಗೋಡೆಗೆ ಒರಗಿ ಕೂತಿದ್ದಳು. ಮುಖ ಸಣ್ಣದಾಗಿತ್ತು. ನನ್ನನ್ನು ನೋಡಿದಳು. ನನ್ನ ಬಾಯಿಯ ತುದಿಗೆ ಮೂರೂ ಸಲಹೆಗಳು ಬಂದು ನಿಂತಿದ್ದವು. ನಾನು ನೆಟ್ಟಗೆ ಅಡುಗೆಮನೆಗೆ ಹೋದೆ. ಮಾಡದಿಂದ ಡಬ್ಬಿ ತೆಗೆದು ಬೇಳೆಗೆ ಸುರಿದೆ, ಕೈಯಾಡಿಸಿದೆ, ಮೊರವನ್ನು ತಂದು ಅವಳ ತೊಡೆಯ ಮೇಲೆ ಇಟ್ಟೆ.

"ಇವು ನನ್ನ ಹರಳು" ಎಂದಳು.

"ಹೂಂ."

ಅವಳು ಮೊರ ಕೆಳಗಿಟ್ಟುಬಿಡಬಹುದಿತ್ತು. ನನ್ನ ಮುಂದೆ ನಾಟಕ ಆಡಬ್ಯಾಡ ಎಂದು ಬೈಯಬಹುದಿತ್ತು. ನಾನು ಎದುರಿಗೆ ಕೂಡದೆ ಪಕ್ಕಕ್ಕೆ ಕೂತು, ಮೊರದ ಒಂದು ಅಂಚಿಗೆ ಕೈ ಹಚ್ಚಿದೆ. ಆಗ ಅವಳ ಬೆರಳೂ ಬಂತು. ಒಂದು ಹರಳು. ಇನ್ನೊಂದು. ಅರ್ಧ ಮೊರ ಹಸನಾದ ಮೇಲೆ ದನಿ ಬಂತು.

"ಕಡೀ ಐತವಾರ ಆ ಮಾಸ್ತರ ಒಂದೂ ಹರಳು ಬಿಡಲಿಲ್ಲ ತಮ್ಮಾ. ಎಲ್ಲಾ ಆರಿಸಿ, ಸಾಲಾಗಿ ಹಚ್ಚಿ ಇಟ್ಟ. ಅವತ್ತು ಮಾತ ಆಡಿರಲಿಲ್ಲ. 'ಭಾಳ ಶಾಣ್ಯಾ ಇದ್ದೀರಿ ಸರ್' ಅಂದೆ. ನಕ್ಕ. ಚಪ್ಪಲಿ ಹಾಕ್ಕೊಂಡು ಹೋದ. ನಾ ಮರ ನೋಡಿದೆ. ಅವ್ನ ಮಾರಿ ನೋಡಲಿಲ್ಲ."

ನಿನ್ನ ತಪ್ಪಲ್ಲ ಎನ್ನಬೇಕೆನಿಸಿತು. ನೀರು ತರಲೇ ಎನ್ನಬೇಕೆನಿಸಿತು. ಹಲ್ಲು ಕಚ್ಚಿ ಕೂತೆ. ಜೀವಮಾನದಲ್ಲಿ ಅಷ್ಟು ಕಷ್ಟದ ಕೆಲಸ ನಾನು ಮಾಡಿಲ್ಲ. ಅವಳು ಅತ್ತಳು. ಮೊರದ ಮೇಲೆ ಹನಿ ಬಿದ್ದವು. ಆರಿಸುವುದನ್ನು ಮಾತ್ರ ನಿಲ್ಲಿಸಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ನಾನೇ ಆ ಬೇಳೆ ಬೇಯಿಸಿದೆ. ಅನ್ನ ಕಲಸಿ ಅವಳಿಗೆ ಕೊಟ್ಟು, ನಾನೂ ಒಂದು ತುತ್ತು ಬಾಯಿಗೆ ಇಟ್ಟೆ. ಕಟಕ್! ದವಡೆಯಿಂದ ನೆತ್ತಿಯ ತನಕ ಝಲ್ಲೆಂದಿತು.

"ಹಲ್ಲು ಹೋತೇನು?"

"ಇಲ್ಲ. ಅದು ನಾ ಬಿಟ್ಟ ಹರಳ ಇರಬೇಕು. ನನಗೆಲ್ಲಿ ಆರಿಸಾಕ ಬರ್ತದ?"

"ಅಲ್ಲ, ಅದು ನಂದು" ಎಂದಳು ಚಿಗವ್ವ. "ಕಣ್ಣಾಗ ನೀರಿತ್ತು, ಕಾಣಲಿಲ್ಲ."

ಆಮೇಲೆ ನನ್ನ ಮುಖ ನೋಡಿದಳು. ದವಡೆ ಹಿಡಿದು ಕೂತ ನನ್ನ ಮುಖ ಹೇಗಿತ್ತೋ, ಅವಳ ತುಟಿಯ ಒಂದು ಮೂಲೆ ಅಲ್ಲಾಡಿತು. ಅದನ್ನು ನಗು ಎನ್ನಲಾರೆ. ಕೈ ಚಾಚಿದಳು. ನಾನು ಹರಳನ್ನು ಅವಳ ಅಂಗೈಗೆ ಹಾಕಿದೆ. ಅವಳು ಎದ್ದು, ಬಚ್ಚಲಿಗೆ ಹೋಗಿ ಅದನ್ನು ತೊಳೆದು, ಸೆರಗಿನಿಂದ ಒರೆಸಿ, ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದಳು.

"ಇರಲಿ," ಎಂದಳು. "ಐತವಾರಕ್ಕ ಬೇಕಾಗ್ತದ."